ಹೊಂಗೆ ಮರದ ಪಕ್ಕದಲ್ಲಿ ಪದ್ಮತ್ತೆ

ಬೆಳಿಗ್ಗೆ ಜಯನಗರದಲ್ಲಿ ನಮ್ಮ ಸೋದರತ್ತೆ ಪದ್ಮತ್ತೆಯ ಮನೆ ಮುಂದೆ ಸ್ಕೂಟರ್ ನಿಲ್ಲಿಸಿ, ಒಳಗೆ ಕಾಫಿ ಕುಡಿದು ಬರುವಷ್ಟರಲ್ಲಿ ಸೀಟಿನ ತುಂಬ ಹೊಂಗೆ ಹೂ ಉದುರಿತ್ತು, ಯಾರೋ ಅರಳು ಚೆಲ್ಲಿದ ಹಾಗೆ. ಮೊದಲಾದರೆ ಕರವಸ್ತ್ರದಿಂದ ಪಟಪಟನೆ ಕೊಡವಿ ಹೊರಟುಬಿಡುತ್ತಿದ್ದೆ. ಈಗ ಕೈ ಬರುವುದಿಲ್ಲ. ಯಾಕೆ ಅಂತೀರಾ, ಹೇಳುತ್ತೇನೆ.

ನಮ್ಮ ಪದ್ಮತ್ತೆಗೆ ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆಂದು ಅವರ ನಂಬಿಕೆ. ಮನೆಯ ಮದುವೆ ಆಲ್ಬಂಗಳಲ್ಲೆಲ್ಲ ಅವರದು ಒಂದು ಕೈ ಮಾತ್ರ ಇದೆ, ಹುಳಿಯ ಸೌಟು ಹಿಡಿದದ್ದು.

ನನಗೋ ಇನ್ನೊಂದು ಹುಚ್ಚು. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ವಿಶ್ವಕೋಶಕ್ಕೆ ಫೋಟೋ ತೆಗೆದುಕೊಡುವ ಗುಂಪೊಂದಿದೆ. ಭಾನುವಾರ ಬಂತೆಂದರೆ ಅವರ ಜೊತೆ ಬೀದಿ ಸುತ್ತುತ್ತೇನೆ. ಸಂಬಳವಿಲ್ಲ, ಭತ್ಯೆಯಿಲ್ಲ, ಬೀದಿನಾಯಿಗಳ ಸ್ವಾಗತ ಮಾತ್ರ ಗ್ಯಾರಂಟಿ. ಎರಡು ವರ್ಷದ ಕೆಳಗೆ ಹೊಂಗೆಯ ಪುಟಕ್ಕೆ ಹೂ ಬಿಟ್ಟ ಮರ ಬೇಕೆಂದರು. ಅತ್ತೆಯ ಮನೆ ಮುಂದೆಯೇ ಮರ ಇರುವಾಗ ಊರೆಲ್ಲ ಯಾಕೆ ಅಲೆಯಲಿ? ನಾನು ಗುರಿ ಹಿಡಿದು ನಿಂತಿರುವಾಗ ಅತ್ತೆ ಗೇಟು ತೆರೆದು ಬಂದರು.

"ಲೋ, ಬಿಸಿಲಲ್ಲಿ ಯಾಕೋ ಒಣಗ್ತೀಯ? ಒಳಗ್ ಬಾ, ಮಜ್ಜಿಗೆ ಕೊಡ್ತೀನಿ. ಮರ ಏನು ಎದ್ದು ಓಡಿಹೋಗತ್ತಾ?" ಎಂದು ನಕ್ಕರು. ಅಷ್ಟರಲ್ಲಿ ನಾನು ಬಟನ್ ಒತ್ತಿಯಾಗಿತ್ತು.

ಆತುರಗಾರನಿಗೆ ಬುದ್ಧಿ ಮಟ್ಟ. ಸರಿಯಾಗಿ ನೋಡದೆ ಅದನ್ನೇ ಹಾಕಿಬಿಟ್ಟೆ. ಗುಂಪಿನ ರಶ್ಮಿ ಫೋನ್ ಮಾಡಿ, "ಸಾರ್, ಸಖತ್ತಾಗಿದೆ. ಆದ್ರೆ ಆ ಆಂಟೀನ ಕಟ್ ಮಾಡ್ಬಿಡಿ, ಮರ ಸಾಕು" ಎಂದಳು. ಅತ್ತೆಯನ್ನು ಕತ್ತರಿಸಿ, ಬರೀ ಮರವನ್ನು ಹಳೆಯದರ ಜಾಗಕ್ಕೆ ಹಾಕಿದೆ. ಆಮೇಲೆ ನನ್ನ ಫೋನು ನೀರಿನ ಸಂಪಿನೊಳಗೆ ಬಿದ್ದು, ಅದರಲ್ಲಿದ್ದ ಫೋಟೋಗಳೆಲ್ಲ ಹೋದವು.

ಕಳೆದ ತಿಂಗಳು ಅತ್ತೆ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಹಾರ ಹಾಕಿ ಇಡೋಣವೆಂದರೆ ಒಂದು ಫೋಟೋ ಇಲ್ಲ! ಸಿಕ್ಕಿದ್ದು ಆಧಾರ್ ಕಾರ್ಡಿನದೊಂದೇ. ಅದರಲ್ಲಿ ನಾವೆಲ್ಲ ಹೇಗಿರುತ್ತೇವೆಂದು ನಿಮಗೂ ಗೊತ್ತು. ಅವರ ಮಗ ಶೀನಿ ಅದನ್ನು ಹಿಡಿದುಕೊಂಡು ಗೊಳೋ ಎಂದು ಅತ್ತ.

"ನಮ್ಮಮ್ಮ ಹೀಗಿರ್ಲಿಲ್ಲ ಕಣೋ. ನನ್ನ ಮಕ್ಕಳು ಜೀವಮಾನವೆಲ್ಲ ಇದನ್ನೇ ನೋಡ್ಬೇಕಾ?"

ಆಗ ನಾನು ಅತ್ತೆಯನ್ನು ಕತ್ತರಿಸಿ ಹಾಕಿದ ಹೊಂಗೆಯ ಫೋಟೋ ನೆನಪಾಯಿತು. ಏನಾದರಾಗಲಿ ಎಂದು ರಶ್ಮಿಗೆ ಫೋನ್ ಮಾಡಿದೆ.

"ಅಯ್ಯೋ ಸಾರ್, ಅಲ್ಲಿ ಹಾಕಿದ್ದು ಅಷ್ಟು ಸುಲಭಕ್ಕೆ ಹೋಗಲ್ಲ. ಮೇಲೆ ಹೊಸದು ಹಾಕಿದ್ರೂ ಹಳೇದು ಇರತ್ತೆ. ಆ ಫೋಟೋದ ಪುಟದಲ್ಲೇ ಕೆಳಗೆ ಹೋಗಿ ನೋಡಿ."

ನೋಡಿದೆ. ಇದ್ದರು! ಗೇಟಿನ ಮೇಲೆ ಕೈ, ತಲೆಯ ಮೇಲೆ ನಾಲ್ಕು ಹೂ, ಬಾಯ್ತುಂಬ ನಗು. ಹೋದ ಜೀವ ಬಂದಂತಾಯಿತು. ಶೀನಿ ನನ್ನ ಭುಜ ಹಿಡಿದು ಅಳುತ್ತಲೇ ನಗತೊಡಗಿದ.

ಕಟ್ಟು ಹಾಕಿಸಲು ಹೋದಾಗ ಸ್ಟುಡಿಯೋದವನು, "ಹಿಂದಿನ ಮರ ತೆಗೆದು ನೀಲಿ ಹಾಕ್ಲಾ ಸಾರ್? ನೀಟಾಗಿರತ್ತೆ" ಎಂದ.

"ಬೇಡಪ್ಪಾ, ಮರ ಇರ್ಲಿ!" ನಾನೂ ಶೀನಿಯೂ ಒಟ್ಟಿಗೇ ಕೂಗಿದೆವು. ಪಾಪ, ಅವನು ಬೆಚ್ಚಿಬಿದ್ದ.

ಇವತ್ತು ಸೀಟಿನ ಮೇಲಿನ ಹೂಗಳನ್ನು ಬೊಗಸೆಗೆ ಬಳಿದುಕೊಂಡು ಮತ್ತೆ ಒಳಗೆ ಹೋದೆ. ನಗುತ್ತಿದ್ದ ಫೋಟೋದ ಮುಂದೆ ಇಟ್ಟೆ. ಮರ ಎಲ್ಲೂ ಓಡಿಹೋಗಿಲ್ಲ, ಅತ್ತೆ. ಸದ್ಯ, ನೀವೂ ಹೋಗಲಿಲ್ಲ.