ಶಾಂತಕ್ಕ ಬರೆಯಗೊಡದ ಚೀಟಿ

ಇವತ್ತು ಬೆಳಿಗ್ಗೆ ಅಂಗಿಯ ಗುಂಡಿ ಹೊಲಿದುಕೊಳ್ಳುವಾಗ ಬೆರಳುಗಳು ತಾವಾಗಿಯೇ ಆಪರೇಷನ್ನಿನ ಗಂಟು ಹಾಕಿಬಿಟ್ಟವು. ಇನ್ನು ಅಂಗಿ ಹರಿದರೂ ಗುಂಡಿ ಬೀಳಲಾರದು.

ನೋಡಿ, ಈ ಗಂಟನ್ನು ನಾನು ಕಲಿತದ್ದು ತಡವಾಗಿ. ನಾನು ಬರೀ ಎಂ.ಬಿ.ಬಿ.ಎಸ್, ಜ್ವರ, ಕೆಮ್ಮು, ಚೇಳು ಕಡಿತ ನೋಡಿಕೊಂಡಿದ್ದವನು. ಕುಷ್ಟಗಿ ಕಡೆ ಹೆರಿಗೆ ತಜ್ಞರು ಬಂದು ನಿಲ್ಲುತ್ತಿರಲಿಲ್ಲ. ಅದಕ್ಕೇ ನನ್ನಂಥವರನ್ನು ತುರ್ತು ಸಿಸೇರಿಯನ್ ಕಲಿಯಲು ಕೆಲವು ತಿಂಗಳು ಕಳಿಸಿದರು. ಹಾಸ್ಟೆಲ್ಲಿನಲ್ಲಿ ಮಂಚದ ಕಾಲಿಗೆ ಗಂಟು ಹಾಕಿ ಹಾಕಿ, ಒಮ್ಮೆ ಮಂಚವನ್ನೇ ಕಿಟಕಿಗೆ ಕಟ್ಟಿಬಿಟ್ಟಿದ್ದೆ. ಗುರುಗಳು ಪಕ್ಕದಲ್ಲಿದ್ದಾಗ ಕೈ ಚೆನ್ನಾಗಿಯೇ ಓಡುತ್ತಿತ್ತು.

ವಾಪಸು ಬಂದ ಮೇಲೆ ಮಾತ್ರ ಕಷ್ಟದ ಹೆರಿಗೆಗಳನ್ನೆಲ್ಲ ಕೊಪ್ಪಳದ ದೊಡ್ಡಾಸ್ಪತ್ರೆಗೆ ಕಳಿಸುತ್ತ ಹೋದೆ. ಒಂದೊಂದಕ್ಕೂ ಒಂದೊಂದು ಕಾರಣ ಇರುತ್ತಿತ್ತು.

ಒಂದು ಮಧ್ಯಾಹ್ನ ಯಲ್ಲವ್ವ ಬಂದಳು. ಚೊಚ್ಚಲು. ಮಗುವಿಗಿಂತ ಮೊದಲೇ ಹೊಕ್ಕುಳಬಳ್ಳಿ ಹೊರಗೆ ಜಾರಿತ್ತು. ತಲೆ ಅದನ್ನು ಒತ್ತಿದರೆ ಮಗು ಉಳಿಯುವುದಿಲ್ಲ. ನರ್ಸ್ ಶಾಂತಕ್ಕ ಕೈ ಒಳಗಿಟ್ಟು ಮಗುವಿನ ತಲೆಯನ್ನು ಮೇಲಕ್ಕೆ ಒತ್ತಿ ಹಿಡಿದರು. ನಾನು ರೆಫರ್ ಚೀಟಿ ಬರೆಯತೊಡಗಿದೆ.

“ಏನ್ ಬರಿಯಾಕತ್ತೀರಿ ಸರ?”

“ಕೊಪ್ಪಳಕ್ಕ ಕಳಸೋಣು.”

“ಕೊಪ್ಪಳ ಮುಟ್ಟೂತನಕ ಕೂಸು ಉಳಿಯಂಗಿಲ್ಲ. ನನ್ನ ಕೈ ಇಲ್ಲಿ ಸಿಕ್ಕೊಂಡೈತಿ. ನಿಮ್ಮವು ಎರಡೂ ಖಾಲಿ ಅದಾವು. ಕಲತು ಬಂದೀರಿಲ್ರಿ? ತೊಳಕೊಂಡು ಬರ್ರಿ!”

ನೋವಿನ ನಡುವೆಯೇ ಯಲ್ಲವ್ವ ಕೇಳಿದಳು: “ಮದ್ಲ ಮಾಡೀರೇನ್ರಿ ಇದನ್ನ?”

“ಕಲಿಸಿದವರ ಮುಂದ ಮಾಡೀನಿ. ನಾನೊಬ್ಬನ ನಿಂತು ಮಾಡಿಲ್ಲ.”

ಆಕೆ ಶಾಂತಕ್ಕನ ಮುಖ ನೋಡಿದಳು. “ಲಗೂ ಮಾಡ್ರಿ ಹಂಗಾದ್ರ,” ಎಂದು ಒಪ್ಪಿಗೆಯ ಸಹಿಗೆ ಪೆನ್ನು ಕೇಳಿದಳು.

ನಾನು ಸಿಸೇರಿಯನ್ ಕಲಿತಂತೆ ಅರಿವಳಿಕೆ ಕೊಡುವುದನ್ನು ಕಲಿತು ಬಂದಿದ್ದ ಇನ್ನೊಬ್ಬ ಡಾಕ್ಟರು ಅರಿವಳಿಕೆ ಕೊಟ್ಟರು. ನಾನು ಮಗುವನ್ನು ಎತ್ತುವವರೆಗೂ ಶಾಂತಕ್ಕನ ಕೈ ಕದಲಲಿಲ್ಲ. ಹೆಣ್ಣು ಮಗು, ಅಳಲು ತುಸು ತಡ ಮಾಡಿತು, ಆಮೇಲೆ ನಿಲ್ಲಿಸಲೇ ಇಲ್ಲ. ಯಲ್ಲವ್ವನೂ ಚೆನ್ನಾಗಿದ್ದಳು. ಶಾಂತಕ್ಕನ ಬೆರಳುಗಳು ಮರಗಟ್ಟಿದ್ದವು. ಸಂಜೆ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು.

ಈಗ ನಾನೇ ಬೇರೆ ಡಾಕ್ಟರುಗಳಿಗೆ ಕಲಿಸುತ್ತೇನೆ. ಪ್ರತಿ ತಂಡಕ್ಕೂ ಈ ಕತೆ ಹೇಳಿದ್ದೇನೆ, ಚೀಟಿಯ ಮಾತೊಂದನ್ನು ಬಿಟ್ಟು. ಇವತ್ತು ಮಧ್ಯಾಹ್ನ, ನನ್ನಲ್ಲಿ ಕಲಿತು ಗಂಗಾವತಿ ಕಡೆ ಹೋಗಿದ್ದ ಡಾಕ್ಟರಮ್ಮ ಒಬ್ಬರು ಬಂದಿದ್ದರು. ಚಹಾ ಕುಡಿದು ಕಪ್ಪು ಕೆಳಗಿಟ್ಟು ಕೇಳಿದರು: “ಆವತ್ತು ನಿಮಗ ಹೆದರಿಕಿ ಆಗಲಿಲ್ಲೇನ್ರಿ ಸರ?”

ಚೀಟಿಯ ಮಾತು ಹೇಳಿಬಿಟ್ಟೆ.

“ಇದನ್ನ ಕಲಸೂವಾಗನ ಹೇಳಿದ್ರ ಭಾಳ ಛಲೋ ಇತ್ರಿ,” ಎಂದರು. “ನಾನೂ ಬರೇ ಚೀಟಿ ಬರಿಯಾಕತ್ತೀನಿ.”

ಗೋಡೆಯ ಕ್ಯಾಲೆಂಡರು ನೋಡಿದೆ. ಆಮೇಲೆ ಹೇಳಿದೆ: “ಸೋಮವಾರ ನಿಮ್ಮ ದವಾಖಾನಿಗೆ ಬರ್ತೀನಿ. ಒಂದು ವಾರ ಇರ್ತೀನಿ. ನೀವು ಒಳಗ ಮಾಡ್ರಿ, ನಾ ಬಾಗಲ ಹೊರಗ ಕುಂದರತೀನಿ.”