ಬುದ್ಧಪ್ರಿಯನ ಬೆರಳು ಮತ್ತು ಹಗುರ ಪೆಟ್ಟಿಗೆ

ಬುದ್ಧಪ್ರಿಯನ ಮುತ್ತಜ್ಜ ಭೀಮರಾಯ ಸುರಪುರದ ಕಡೆಯ ಒಂದು ಹಳ್ಳಿಯಲ್ಲಿ ಹಲಗೆ ಬಾರಿಸುತ್ತಿದ್ದವನು. ಸಾವಾದರೂ ಸರಿ, ಹಬ್ಬವಾದರೂ ಸರಿ, ಅವನ ಹಲಗೆ ಕೂಗದೆ ಊರು ಅಲುಗುತ್ತಿರಲಿಲ್ಲ. ಒಮ್ಮೆ ಗೌಡನೊಬ್ಬ ಹೆಣದ ಮುಂದೆ ಮೂರು ತಾಸು ಬಾರಿಸಿದವನಿಗೆ ಅಂಗಳದ ಹೊರಗೆ, ನಾಯಿಯ ಪಕ್ಕದಲ್ಲಿ ಕೂಳು ಸುರಿಸಿದ. ಭೀಮರಾಯ ಕುಡುಗೋಲಿನಿಂದ ಹಲಗೆಯ ಚರ್ಮ ಸೀಳಿ, ಬರಿಯ ಬಳೆಯನ್ನು ಗೌಡನ ಕಟ್ಟೆಯ ಮೇಲಿಟ್ಟು, ಹೆಂಡತಿ ಮಕ್ಕಳನ್ನು ಹಿಂದೆ ಹಾಕಿಕೊಂಡು ಶಹಾಪುರಕ್ಕೆ ನಡೆದುಬಿಟ್ಟ. ಅವನ ಮಗ, ಶ್ರೀಮಂತ ಎಂಬ ಹೆಸರಿನವನು, ಬೌದ್ಧ ಧಮ್ಮದೀಕ್ಷೆ ಪಡೆದು, ಹಾರ್ಮೋನಿಯಂ ತಲೆಯ ಮೇಲೆ ಹೊತ್ತು, ಹುಣಸಗಿಯವರೆಗೂ ಕಾಲುನಡಿಗೆಯಲ್ಲಿ ಹೋಗಿ ಬಾಬಾಸಾಹೇಬರ ಹಾಡು ಹೇಳಿಬಂದ. ಮೊಮ್ಮಗ ತಿಮ್ಮಣ್ಣ ಮದುವೆ ಬ್ಯಾಂಡಿನಲ್ಲಿ ಹೊಟ್ಟೆಗೆ ದೊಡ್ಡ ಡೋಲು ಕಟ್ಟಿಕೊಂಡವನು. ಬೋನಾಳದಲ್ಲಿ ಅವನು ಕೋಲು ಎತ್ತಿ ಬಿಟ್ಟರೆ ಕೆರೆಯ ಹಕ್ಕಿಗಳೆಲ್ಲ ಒಮ್ಮೆಲೇ ಏಳುತ್ತಿದ್ದವೆಂದು ಹೇಳುವವರು ಈಗಲೂ ಇದ್ದಾರೆ.

ತಿಮ್ಮಣ್ಣನ ಮಗ ಬುದ್ಧಪ್ರಿಯ ಬೇಸ್ ಗಿಟಾರ್ ಹಿಡಿದ. ನಾಲ್ಕೇ ತಂತಿ, ಆದರೆ ಹುರಿಯಂತೆ ದಪ್ಪ. ಮೇಲೆ ಹಾಡುವವರು ಹಾಡುತ್ತಿದ್ದರೆ ಕೆಳಗೆ ನೆಲದ ಹಾಗೆ ಇದರ ನಾದ ಹಾಸಿಕೊಂಡಿರಬೇಕು. ಯಾರೂ ಕಲಿಸಲಿಲ್ಲ, ಕ್ಯಾಸೆಟ್ಟು ತಿರುಗಿಸಿ ತಿರುಗಿಸಿ ಕಿವಿಯಿಂದಲೇ ಕಲಿತ. ಅಕ್ಕ ಯಶೋಧರಾ ಕಟ್ಟಿದ ಗಾಯನ ಮಂಡಳಿಯಲ್ಲಿ ಇಪ್ಪತ್ತಾರು ವರ್ಷ ನುಡಿಸಿದ. ಅವನ ನಾದ ಹೊರಗೆ ಬರುತ್ತಿದ್ದುದು ಕಟ್ಟಿಗೆಯ ಹಳೆಯ ಆಂಪ್ಲಿಫೈಯರಿನಿಂದ. ಇಬ್ಬರು ಹಿಡಿದರೆ ಮಾತ್ರ ಏಳುವಷ್ಟು ಭಾರ. ಅದರ ಗುಡುಗಿಗೆ ಮಂಡಳಿಯವರು ಇಟ್ಟ ಹೆಸರು ಕೋಣ.

ಆ ಮಂಡಳಿಯಲ್ಲಿ ಒಂದು ಪದ್ಧತಿ. ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ಒಂದೇ ಪರಾತಿನ ಸುತ್ತ ಕೂತು ರೊಟ್ಟಿ ಮುರಿಯಬೇಕು. ಬೇರೆ ತಟ್ಟೆ ಇಲ್ಲ. ಕಳೆದ ಶ್ರಾವಣದಿಂದ ಬುದ್ಧಪ್ರಿಯ ಆ ಪರಾತಿನ ಹತ್ತಿರ ಬಂದಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎನ್ನುವನು, ಉಪವಾಸ ಎನ್ನುವನು, ಮರೆಗೆ ಹೋಗಿ ನಿಲ್ಲುವನು.

ಕಾರಣ ಅವನೊಬ್ಬನಿಗೇ ಗೊತ್ತಿತ್ತು. ಎಡಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಸತ್ತಿದ್ದವು. ಮೊದಲು ಜುಮ್ಮೆಂದವು, ಆಮೇಲೆ ಅದೂ ಇಲ್ಲ. ಒಂದು ಮುಂಜಾನೆ ಕುದಿಯುವ ಚಹದ ಲೋಟ ಹಿಡಿದು ಕೂತಿದ್ದಾಗ ಬೆರಳಿನಲ್ಲಿ ಬೊಬ್ಬೆ ಎದ್ದಿದ್ದನ್ನು ಕಣ್ಣಿನಿಂದ ಕಂಡ, ಕೈಯಿಂದಲ್ಲ. ಮೊಣಕೈಯ ಕೆಳಗೆ ರೂಪಾಯಿಯಗಲದ ಒಂದು ಬಿಳಿಚಿದ ಮಚ್ಚೆ. ಸೂಜಿಯಿಂದ ಚುಚ್ಚಿ ನೋಡಿದ. ಚುಚ್ಚಿದ್ದು ಬೇರೆಯವರ ತೋಳಿಗೆ ಎನ್ನುವ ಹಾಗಿತ್ತು. ಅಂದಿನಿಂದ ಬೇಸಿಗೆಯ ಉರಿಬಿಸಿಲಲ್ಲೂ ತುಂಬುತೋಳಿನ ಅಂಗಿ ಕಳಚಲಿಲ್ಲ. ಓಣಿಯ ಆಶಾ ಕಾರ್ಯಕರ್ತೆ ರೇಣಮ್ಮ ಮನೆಮನೆಗೆ ಬಂದು, "ಸ್ಪರ್ಶ ಇಲ್ಲದ ಮಚ್ಚಿ ಏನರ ಅದಾವೇನ್ರೀ? ಇದ್ರ ಹೇಳ್ರಿ, ಗುಳಿಗಿ ನುಂಗಿದ್ರ ಪೂರಾ ವಾಸಿ ಆಗ್ತದ," ಎಂದು ಕೇಳಿದಾಗ, "ಏನೂ ಇಲ್ಲವ್ವಾ," ಎಂದು ನಕ್ಕು ಕಳಿಸಿದ. ಅವಳು ಓಣಿ ತಿರುಗುವವರೆಗೂ ಕದದ ಹಿಂದೆಯೇ ನಿಂತಿದ್ದ.

ಗುಳಿಗೆಯ ಮಾತು ಅವನ ತಲೆಗೆ ಹೋಗಿರಲಿಲ್ಲ ಎಂದಲ್ಲ. ಆದರೆ ತಲೆಗಿಂತ ಮೊದಲು ಅವನ ಕಣ್ಣೆದುರು ದೊಡ್ಡಪ್ಪ ಬಂದು ನಿಲ್ಲುತ್ತಿದ್ದ. ತಿಮ್ಮಣ್ಣನ ಅಣ್ಣ, ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು. ಬೆರಳು ಮುದುಡಿ ತೂತು ಮುಚ್ಚಲಾರದೆ ಹೋದಾಗ ಜನ ಕುಷ್ಠದ ಹೆಸರೆತ್ತದೆ "ದೊಡ್ಡ ರೋಗ" ಎಂದರು. ಒಂದೇ ಬ್ಯಾಂಡಿನವರು, ಒಂದೇ ರಕ್ತದವರು ಅವನಿಗೆ ಬೇವಿನ ಗಿಡದ ಕೆಳಗೆ ಬೇರೆ ಡಬ್ಬಿಯಲ್ಲಿ ಅನ್ನ ಇಟ್ಟರು. ಆ ಡಬ್ಬಿ ಒಯ್ದು ಇಡುತ್ತಿದ್ದವನು ಏಳು ವರ್ಷದ ಬುದ್ಧಪ್ರಿಯನೇ. ಇಟ್ಟು ಓಡಿಬರುತ್ತಿದ್ದ.

ಅದಕ್ಕೇ ಅವನು ಕೋಣನ ಗುಡುಗಿನ ಹಿಂದೆ ಅಡಗಿಕೊಂಡ. ಬೆರಳು ತಂತಿಯನ್ನು ಸರಿಯಾಗಿ ಒತ್ತದೆ ಝರ್ ಎಂದರೂ ಕೋಣ ಅದನ್ನು ನುಂಗಿಬಿಡುತ್ತಿತ್ತು. ಕೇಳುವವರಿಗೆ ಬರಿ ಗುಂಯ್.

ಬುದ್ಧಪೂರ್ಣಿಮೆಗೆ ನಾಲ್ಕು ದಿನ ಉಳಿದಿತ್ತು. ಸುರಪುರದಲ್ಲಿ ಮಂಡಳಿಯ ಕಾರ್ಯಕ್ರಮ. ಕೋಣನನ್ನು ಹೊತ್ತು ಹೊತ್ತು ಎಲ್ಲರ ಸೊಂಟ ಬಿದ್ದುಹೋಗಿತ್ತು. ಯಶೋಧರಾ ಯಾದಗಿರಿಯ ಅಂಗಡಿಯಿಂದ ಹೊಸ ಮಾದರಿಯ ಹಗುರ ಆಂಪ್ಲಿಫೈಯರ್ ತಂದಳು. ಒಗ್ಗದಿದ್ದರೆ ವಾರದೊಳಗೆ ವಾಪಸು ಕೊಡಬಹುದೆಂಬ ಮಾತಾಗಿತ್ತು. ನಾದ ಹೇಗಿದೆಯೆಂದು ಹೇಳಲು ಬೇಸ್ ನುಡಿಸುವ ಇನ್ನಿಬ್ಬರನ್ನು ಶಹಾಪುರಕ್ಕೆ ಕರೆಸಿದಳು: ಸುರಪುರದ ಭಜನಾ ಮೇಳದ ಬಸು, ಯಾದಗಿರಿಯ ಮದುವೆ ಆರ್ಕೆಸ್ಟ್ರಾದ ಸಂಗಮನಾಥ. ಬುದ್ಧ ಮಲಗಿದ ಹಾಗೆ ತೋರುವ ಗುಡ್ಡದೆದುರಿನ, ಮಂಡಳಿಯ ತಗಡಿನ ಕೋಣೆಯಲ್ಲಿ ಮಧ್ಯಾಹ್ನ ನಾಲ್ವರೂ ಸೇರಿದರು.

ಬಸು ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ತೂಗಿದ. "ಏನ್ ಯಕ್ಕಾ ಇದು? ಆಂಪ್ಲಿಫೈಯರ್ ತಾ ಅಂದ್ರ ಬುತ್ತಿ ಡಬ್ಬಿ ತಂದೀದಿ?"

"ಮೊದಲು ಬಾರಿಸಲೇ, ಆಮ್ಯಾಲ ಉಣ್ಣೀಯಂತ," ಎಂದಳು ಯಶೋಧರಾ.

ಬಸು ತನ್ನ ಗಿಟಾರ್ ಸಿಕ್ಕಿಸಿ ನುಡಿಸಿದ. ತಲೆ ಅಲ್ಲಾಡಿಸಿದ. "ದನಿ ಛಲೋ ಅದ, ಖರೆ ಹೊಟ್ಟಿ ಇಲ್ಲ. ಕೋಣ ಒದರಿದ್ರ ಎದಿಗೆ ಗುದ್ದಿದಂಗ ಆಗ್ತಿತ್ತು. ಇದು ಕಿವಿತನಾ ಬಂದು ಕೈ ಮುಗದು ಹೋಗ್ತದ."

"ನಿನಗ ಗುದ್ದಿಸ್ಕೊಳ್ಳೂದ ಸಂಗೀತ," ಎಂದು ಸಂಗಮನಾಥ ತನ್ನ ಗಿಟಾರ್ ತೆಗೆದ. ಕಣ್ಣು ಮುಚ್ಚಿ ಬಹಳ ಹೊತ್ತು ನುಡಿಸಿದ. "ಕೋಣ ಎಲ್ಲಾ ಸ್ವರ ಕೂಡಿಸಿ ಮುದ್ದಿ ಮಾಡ್ತಿತ್ತು. ಇದರಾಗ ಕೇಳ್ರಿ, ಒಂದೊಂದು ಕೇರಿದ ಜ್ವಾಳದಂಗ ಬ್ಯಾರೆ ಬ್ಯಾರೆ. ಬೆರಳು ಎತ್ತಿದ್ದು, ಊರಿದ್ದು, ಎಲ್ಲಾ ಕೇಳ್ತದ. ಏನೂ ಮುಚ್ಚಿಡಾಂಗಿಲ್ಲ ಇದು."

ಈಗ ಬುದ್ಧಪ್ರಿಯನ ಸರದಿ. ನೀರು ಕುಡಿದು ಬರುವೆನೆಂದ. ಗಿಟಾರಿನ ಪಟ್ಟಿ ಸರಿಮಾಡಿದ. ಅದರ ಕಿವಿ ತಿರುವಿ ಶ್ರುತಿ ಕೂಡಿಸಿದ. ಇನ್ನು ಮಾಡಲು ಏನೂ ಉಳಿಯಲಿಲ್ಲ.

"ಮದಲಿಂಗನ ಗತೆ ನಾಚಬ್ಯಾಡೋ, ಬಾರಿಸು," ಎಂದ ಬಸು.

ಬಾರಿಸಿದ. ತೋರುಬೆರಳು, ನಡುಬೆರಳು ಬಿದ್ದಲ್ಲಿ ನಾದ ಉರುಟಾಗಿ ಬಂತು. ಉಳಿದೆರಡು ಬೆರಳು ಬಿದ್ದಲ್ಲೆಲ್ಲ ಝರ್, ಝರ್, ಒಡೆದ ಕೊಡಕ್ಕೆ ಜೀರುಂಡೆ ಹೊಕ್ಕ ಹಾಗೆ. ತಗಡಿನ ಕೋಣೆಯ ತುಂಬ ಅದೇ.

ಯಶೋಧರಾ ಹಣೆ ಗಂಟಿಕ್ಕಿದಳು. "ಬಿಸಿ ಆದಕೂಡ್ಲೆ ಕೈ ಕೊಟ್ಟದ ನೋಡು. ಕೆಟ್ಟ ಪೆಟಗಿ ಕೊಟ್ಟು ಕಳಿಸ್ಯಾರ. ನಾಳೆ ಒಯ್ದು ಅವನ ಮಾರಿಗೆ ಒಗದು ಬರ್ತೀನಿ. ಕೋಣನ ಇರಲಿ."

ಬುದ್ಧಪ್ರಿಯ ಹೌದು ಎಂದರೆ ಸಾಕಿತ್ತು. ಪೆಟ್ಟಿಗೆ ಹೋಗುತ್ತದೆ, ಕೋಣ ಉಳಿಯುತ್ತದೆ, ಅವನೂ ಉಳಿಯುತ್ತಾನೆ. ಗಿಟಾರ್ ಕೆಳಗಿಡುವಷ್ಟರಲ್ಲಿ ಸಂಗಮನಾಥ ಎದ್ದ.

"ತಡೀ ಯಕ್ಕಾ. ನಮ್ಮ ಗಿಟಾರಿಗೆ ಬರಲಾರದ್ದು ಇವನ ಗಿಟಾರಿಗೆ ಯಾಕ ಬಂತು? ತಾ ಇಲ್ಲಿ." ಗಿಟಾರನ್ನು ಕಸಿದುಕೊಂಡು, ಬುದ್ಧಪ್ರಿಯ ಒತ್ತಿದ ಜಾಗದಲ್ಲೇ ಬೆರಳು ಊರಿದವನು ಕಿರುಚಿ ಕೈ ಕಿತ್ತುಕೊಂಡ. "ಅಯ್ಯಯ್ಯಪ್ಪ! ಏನ್ ಮುಳ್ಳು ನೆಟ್ಟೀಯೋ ಇಲ್ಲಿ?"

ನೋಡಿದರೆ, ಹಳೆಯ ತಂತಿಯ ಮೇಲಿನ ಸುತ್ತು ಒಂದು ಕಡೆ ಹರಿದು, ಸಣ್ಣ ಕೊಂಡಿಯ ಹಾಗೆ ಮೇಲೆದ್ದಿತ್ತು. ಸಂಗಮನಾಥನ ಬೆರಳಿನಲ್ಲಿ ಸಾಸಿವೆಯಷ್ಟು ರಕ್ತ.

"ಇಷ್ಟೊತ್ತು ಇದರ ಮ್ಯಾಲ ಹೆಂಗ ಬಾರಿಸಿದ್ಯೋ ಮಾರಾಯಾ? ನಿನಗ ಚುಚ್ಚಲಿಲ್ಲೇನು?"

ನಾಲ್ಕು ಜೋಡಿ ಕಣ್ಣು ಒಟ್ಟಿಗೆ ಬುದ್ಧಪ್ರಿಯನ ಎಡಗೈಗೆ ಇಳಿದವು. ಅವನವೂ ಸೇರಿ. ಕಿರುಬೆರಳಿನ ಪಕ್ಕದ ಬೆರಳು ಚುಚ್ಚಿ ಚುಚ್ಚಿ ಜರಡಿಯಾಗಿತ್ತು. ರಕ್ತ ಅಂಗೈಗೆ ಇಳಿದು, ತುಂಬುತೋಳಿನ ಅಂಚನ್ನು ತೋಯಿಸಿ, ಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.

ಬಸು ಒಂದು ಹೆಜ್ಜೆ ಹಿಂದೆ ಸರಿದ. ಬೇಕೆಂದು ಸರಿದದ್ದಲ್ಲ, ಕಾಲು ತಾನಾಗಿ ಹೋಯಿತು. ಆ ಒಂದು ಹೆಜ್ಜೆಯನ್ನೇ ಬುದ್ಧಪ್ರಿಯ ಹತ್ತು ತಿಂಗಳಿಂದ ಕನಸಿನಲ್ಲಿ ನೋಡುತ್ತ ಬಂದಿದ್ದ.

ಯಶೋಧರಾ ಮಾತ್ರ ಮುಂದೆ ಬಂದಳು. ಮೆಲ್ಲಗೆ ಅವನ ತೋಳು ಮೇಲೇರಿಸಿದಳು. ಮಚ್ಚೆ ಕಂಡಿತು. ದೊಡ್ಡಪ್ಪನನ್ನು ಅವಳೂ ನೋಡಿದವಳೇ. ಸೆರಗಿನ ಚುಂಗು ಹರಿದು ಬೆರಳಿಗೆ ಕಟ್ಟುತ್ತ ಕೇಳಿದಳು: "ಯಾವಾಗಿಂದ?"

"ಶ್ರಾವಣದಿಂದ." ಅವನು ಹಗುರ ಪೆಟ್ಟಿಗೆಯ ಕಡೆ ತಿರುಗಿದ. "ಪೆಟಗಿ ಕೆಟ್ಟಿಲ್ಲ ಯಕ್ಕಾ. ವಾಪಸ್ ಒಯ್ಯಬ್ಯಾಡ. ಅದು ಇದ್ದದ್ದ ಹೇಳ್ಯದ. ಕೆಟ್ಟದ್ದು ನನ್ನ ಕೈ."

ಬಸುವಿನ ಮುಖ ಸಣ್ಣಗಾಯಿತು. ಸರಿದ ಹೆಜ್ಜೆಯನ್ನು ತಿರುಗಿ ಇಟ್ಟು ಹತ್ತಿರ ಬಂದ. "ಅಣ್ಣಾ, ತಪ್ಪು ತಿಳಿಬ್ಯಾಡ. ಸುರಪುರದಾಗ ಆವತ್ತ ನಿನ್ನ ಬದಲಿ ನಾ ಬಾರಸ್ತೀನಿ. ಹೆಸರು ನಿಂದ ಇರಲಿ."

"ನನ್ನ ಗಾಡಿ ಹೊರಗ ಅದ," ಎಂದ ಸಂಗಮನಾಥ. "ಈಗ ಹತ್ತು. ಯಾದಗಿರಿ ದವಾಖಾನಿಗೆ ನಾನ ಕರ್ಕೊಂಡು ಹೋಗಿ, ಡಾಕ್ಟರ್ ಮುಂದ ಎಲ್ಲಾ ನಾನ ಹೇಳ್ತೀನಿ. ನೀ ಬಾಯಿ ಬಿಡೂದೂ ಬ್ಯಾಡ."

"ನಾನೂ ಬರ್ತೀನಿ," ಎಂದಳು ಯಶೋಧರಾ.

ಬುದ್ಧಪ್ರಿಯ ಕಟ್ಟಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ. ಬಾಗಿಲ ತನಕ ಹೋಗಿ ತಿರುಗಿ ನಿಂತ.

"ಬಸು, ಸುರಪುರದಾಗ ನೀ ಬಾರಸು. ಖರೆ ನಿನ್ನ ಹೆಸರಿನ ಮ್ಯಾಲ ಬಾರಸು, ನನ್ನ ಹೆಸರು ಎರವು ಕೊಡೂದಿಲ್ಲ. ಸಂಗಮನಾಥ, ನಿನ್ನ ಗಾಡಿ ಬ್ಯಾಡಪಾ. ಯಕ್ಕಾ, ನೀನೂ ಇಲ್ಲೇ ಕೂಡು. ಹತ್ತು ತಿಂಗಳು ಏನೂ ಇಲ್ಲ, ಏನೂ ಇಲ್ಲ ಅಂತ ಅಂದಾಂವ ನಾನು. ಇದ್ದದ್ದು ಅದ ಅಂತ ಡಾಕ್ಟರ್ ಮುಂದ ನನ್ನ ಬಾಯಿಲೇ ಬರಬೇಕು. ಬಾಜೂಕ ನೀವು ಕುಂತ್ರ ನಿಮ್ಮ ಮಾರಿ ನೋಡಿ ಮತ್ತ ಸುಳ್ಳು ಹೇಳಿಬಿಡ್ತೀನಿ. ಅಂಜಿಕಿ ಅದ, ಬಾಳ ಅದ. ಇರಲಿ. ಯಾರೂ ಬರಬ್ಯಾಡ್ರಿ. ಬಸ್ಸಿಗೆ ಹೋಗ್ತೀನಿ, ಒಬ್ಬನ."