ಗುಲಾಬಿ ವಾಸನೆಯ ಸಮುದ್ರ

ಈ ಸಲ ಹುಮನಾಬಾದಿನಲ್ಲಿ ಬಿಸಿಲು ಬೇಗನೇ ಶುರುವಾಗಿದೆ. ಶಾಲೆಯಿಂದ ಬಂದ ಮಗಳು ಗುಲಾಬಿ ಷರಬತ್ತಿನ ಸೀಸೆಯ ಮುಚ್ಚಳ ತೆಗೆದಳು. ವಾಸನೆ ಪಡಸಾಲೆಯವರೆಗೂ ಬಂತು, ನನಗೆ ಸಮುದ್ರ ನೆನಪಾಯಿತು. ನೀವು ನಗಬಹುದು. ಕಂಡವರೆಲ್ಲ ಸಮುದ್ರಕ್ಕೆ ಮೀನಿನ ವಾಸನೆ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಮಾತ್ರ ಬಹಳ ವರ್ಷ ಅದಕ್ಕೆ ಗುಲಾಬಿ ವಾಸನೆಯಿತ್ತು. ಇದಕ್ಕೆಲ್ಲ ಮೂಲ ನನ್ನ ಯಜಮಾನರು.

ಅವರು ಇಲ್ಲಿನ ಶಾಲೆಯೊಂದರಲ್ಲಿ ಭೂಗೋಳ ಕಲಿಸುವ ಮಾಸ್ತರು. ಅಂಥವರಿಗೆ ಹೆಸರಾದ ಜಾಗಗಳ ಮೇಲೆ ಇಷ್ಟು ಸಿಟ್ಟು ಯಾಕೋ ನನಗೆ ಇಂದಿಗೂ ತಿಳಿದಿಲ್ಲ. ಬೀಗರು ಬಂದು ಕಲ್ಯಾಣದ ಕೋಟೆ ನೋಡಬೇಕೆಂದರೆ, “ಕೋಟಿ ಎಲ್ಲಿ ಓಡಿ ಹೋಗ್ತದ್ರಿ, ಬರ್ರಿ” ಎಂದು ಬೇಮಳಖೇಡವೆಂಬ ಹಳ್ಳಿಗೆ ಕರೆದೊಯ್ದು ಎಮ್ಮೆಗಳನ್ನು ತೋರಿಸಿಕೊಂಡು ಬಂದವರು. ಮುಂದಿನ ಸಲ ಬೀಗರು ಕೋಟೆ ನೋಡಿಕೊಂಡೇ ನಮ್ಮ ಮನೆಗೆ ಬಂದರು.

ಪೋರ್ಚುಗೀಸರು ಗೋವಾ ಬಿಟ್ಟು ಹೋಗಿ ಕೆಲವು ವರ್ಷವಾಗಿತ್ತು. ನಮಗೆ ಮದುವೆಯಾದ ಹೊಸದು. ಯಜಮಾನರು ಗೋವಾಕ್ಕೆ ಹೋಗೋಣವೆಂದಾಗ ನಾನು ಕುಣಿದಾಡುವುದೊಂದು ಬಾಕಿ. ಹುಲಸೂರಿನಲ್ಲಿ ಹುಟ್ಟಿ ಬೆಳೆದ ನಾನು ಕಂಡ ದೊಡ್ಡ ನೀರೆಂದರೆ ಮಳೆಗಾಲದ ಕೆರೆ. ನನಗಿಂತ ಹೆಚ್ಚು ಹಿಗ್ಗಿದವರು ನಮ್ಮತ್ತೆ. ರಾಜೇಶ್ವರದಿಂದ ಹುಮನಾಬಾದಿಗೆ ಸೊಸೆಯಾಗಿ ಬಂದದ್ದು, ಆಗೊಮ್ಮೆ ಈಗೊಮ್ಮೆ ಕಲ್ಯಾಣಕ್ಕೆ ಹೋಗಿಬಂದದ್ದು, ಇಷ್ಟೇ ಅವರ ಪ್ರವಾಸ. ಮೊಣಕಾಲು ನೋವು ಬಂದ ಮೇಲೆ ಬಸ್ಸಿನ ಮೆಟ್ಟಿಲೂ ದೂರವಾಯಿತು. ಹೊರಡುವ ದಿನ ಖಾಲಿ ಷರಬತ್ತಿನ ಸೀಸೆಯೊಂದನ್ನು ಬೂದಿ ಹಾಕಿ ತೊಳೆದು ನನ್ನ ಕೈಗಿಟ್ಟರು.

“ಸಮುದ್ರದ ನೀರು ಉಪ್ಪಿರ್ತದಂತ, ಖರೇನೇನವಾ? ಅಷ್ಟು ಉಪ್ಪು ಯಾರು ಹಾಕ್ಯಾರ? ಒಂದು ಬಾಟ್ಲಿ ತುಂಬ್ಕೊಂಡು ಬಾ. ಸಾಯೋದ್ರಾಗ ಒಮ್ಮಿ ನಾಲಿಗಿಗಿ ಹಚ್ಚಿ ನೋಡ್ತೀನಿ.”

“ತರ್ತೀನಿ ಅತ್ತಿ” ಎಂದು ಮಾತು ಕೊಟ್ಟೆ.

ಮಡಗಾಂವಿನಲ್ಲಿ ರೈಲಿಳಿದವರೆಲ್ಲ ಸಮುದ್ರದ ಕಡೆಯ ಬಸ್ಸು ಹತ್ತಿದರು. ನಾವು ಅದರ ಎದುರು ದಿಕ್ಕಿನದು ಹತ್ತಿದೆವು.

“ಸಮುದ್ರ ಎಲ್ಲಾರೂ ನೋಡ್ತಾರ. ಪೋರ್ಚುಗೀಸರ ಕಾಲದ ಸಣ್ಣ ಸಣ್ಣ ಊರವ, ಅವನ್ನ ಯಾರೂ ನೋಡಂಗಿಲ್ಲ” ಅಂದರು ಯಜಮಾನರು.

“ಯಾಕ ನೋಡಂಗಿಲ್ಲಂತ ವಿಚಾರ ಮಾಡೀರೇನು?” ಎಂದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು.

ಸುಳ್ಳು ಹೇಳಬಾರದು, ಊರುಗಳು ಚೆಂದವಿದ್ದವು. ಕಿಟಕಿಗಳಿಗೆ ಗಾಜಿನ ಬದಲು ತೆಳ್ಳನೆಯ ಚಿಪ್ಪು ಕೂಡಿಸಿದ್ದರು. ಬಾಗಿಲ ಎರಡೂ ಬದಿಗೆ ಎದುರುಬದುರು ಕೂತು ಹರಟಲು ಗಾರೆಯ ಕಟ್ಟೆ. ಬೆಳಿಗ್ಗೆ ಸೈಕಲ್ಲಿನ ಮೇಲೆ ಪೀಪಿ ಊದುತ್ತ ಬ್ರೆಡ್ಡು ಮಾರುವವನು ಬರುತ್ತಿದ್ದ. ಮಧ್ಯಾಹ್ನವಾದರೆ ಅಂಗಡಿ, ಮನೆ, ನಾಯಿ ಸಮೇತ ಇಡೀ ಊರು ಮಲಗಿಬಿಡುತ್ತಿತ್ತು. ಆಗ ನಾವಿಬ್ಬರು ಬಿಳಿಯ ಚರ್ಚಿನ ಮೆಟ್ಟಿಲ ಮೇಲೆ ಕೂತು ಮನೆಯ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುವುದು. ಆ ಮೌನದಲ್ಲಿ ರೊಟ್ಟಿ ಮುರಿಯಲೂ ನನಗೆ ಸಂಕೋಚ. ಹೀಗೆ ದಿನಕ್ಕೊಂದು ಊರು. ರಜೆ ಕರಗುತ್ತ ಬಂತು, ಸೀಸೆ ಮಾತ್ರ ಖಾಲಿ.

ಕೊನೆಯ ದಿನದ ಊರು ಹೊಳೆಯ ದಂಡೆಯಲ್ಲಿತ್ತು. ಸಂಜೆಗೇ ನಮ್ಮ ವಾಪಸ್ ರೈಲು. ದೋಣಿ ಕಟ್ಟುವ ಮೆಟ್ಟಿಲ ಮೇಲೆ ನಾನು ಗಟ್ಟಿಯಾಗಿ ಕೂತುಬಿಟ್ಟೆ.

“ನೀವ ಹೋಗಿ ನೋಡ್ಕೊಂಡು ಬರ್ರಿ ನಿಮ್ಮ ಊರ. ಅತ್ತಿಗಿ ನಾ ಹ್ಯಾಂಗ ಮಾರಿ ತೋರಿಸ್ಲಿ?”

ಅವರು ಸಪ್ಪಗಾಗಿ ಅಲ್ಲೇ ನಿಂತರು. ಸೀಸೆ ಮಡಿಲಲ್ಲಿಟ್ಟುಕೊಂಡು ನಾನು ಕಣ್ಣೊರೆಸಿಕೊಳ್ಳುತ್ತಿದ್ದರೆ ಎದುರು ಮನೆಯ ಮುದುಕಿಯೊಬ್ಬಳು, ಪಾಪ, ಬಾಯಾರಿದೆಯೆಂದುಕೊಂಡು ತಂಬಿಗೆ ತುಂಬ ನೀರು ತಂದಳು. ನನ್ನ ಹುಲಸೂರಿನ ಮರಾಠಿಯಲ್ಲಿ ಕಥೆ ಹೇಳಿದೆ. ಅವಳು ನಕ್ಕು ಕೊಂಕಣಿಯಲ್ಲಿ ನುಡಿದದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು: ಸಮುದ್ರಕ್ಕೆ ನೀನ್ಯಾಕೆ ಹೋಗುತ್ತಿ, ದಿನಕ್ಕೆರಡು ಸಲ ಅದೇ ನಮ್ಮ ಮೆಟ್ಟಿಲಿಗೆ ಬರುತ್ತದೆ, ಕೂತಿರು.

ಕೂತೆವು. ಅವಳೂ ಪಕ್ಕದಲ್ಲೇ ಕೂತಳು. ನೋಡನೋಡುತ್ತ ಹೊಳೆ ಹಿಂದಕ್ಕೆ ಹರಿಯತೊಡಗಿತು. ನೀರು ಒಂದೊಂದೇ ಮೆಟ್ಟಿಲು ಹತ್ತಿ ನನ್ನ ಕಾಲಿಗೆ ತಾಗಿತು. ಬೆರಳದ್ದಿ ನೆಕ್ಕಿದೆ. ಉಪ್ಪು.

“ಭೂಗೋಳದ ಪ್ರಕಾರ ಇದು ಹೊಳಿ” ಎಂದು ಯಜಮಾನರು ಬಾಯಿ ತೆರೆದರು.

“ಉಪ್ಪದೋ ಇಲ್ಲೋ?”

“ಉಪ್ಪದ.”

“ಹಂಗಾದ್ರ ಸುಮ್ನಿರ್ರಿ” ಎಂದು ಸೀಸೆ ತುಂಬಿದೆ.

ಮನೆಗೆ ಬಂದಾಗ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಅತ್ತೆ ಮುಚ್ಚಳ ತೆಗೆದು ಮೂಸಿದರು. ಬೂದಿಗೂ ಬಗ್ಗದ ಷರಬತ್ತಿನ ವಾಸನೆ. “ನೋಡ್ರೆವ್ವಾ, ಗುಲಾಬಿ ವಾಸನಿ ಬರಾಕತ್ತದ” ಎಂದು ಎಲ್ಲರ ಅಂಗೈಗೆ ಒಂದೊಂದು ಹನಿ ಹಾಕಿ, ತಾವೂ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದರು. ಆ ಮುಖ ಕಂಡು ನನಗೆ ಸೀಸೆಯ ಮಾತೆತ್ತಲು ಮನಸ್ಸಾಗಲಿಲ್ಲ. ಆಮೇಲೆ ಕೇಳಿದರು, “ಎಷ್ಟು ದೊಡ್ಡದದವಾ?”

“ನಾನೂ ನೋಡಿಲ್ಲತ್ತಿ. ಅದs ಹೊಳ್ಯಾಗ ಬಂದಿತ್ತು.”

ಅತ್ತೆ ಮಗನನ್ನು ಒಮ್ಮೆ ದುರುಗುಟ್ಟಿ ನೋಡಿ, ನನ್ನ ಬೆನ್ನು ಸವರಿದರು. “ಹೋಗ್ಲಿ ಬಿಡು. ನಾವು ಹೋಗ್ಲಿಲ್ಲಂದ್ರೇನಾತು, ಅದು ನಮ್ಮ ಮನಿತನಕ ಬಂತಲ್ಲ.”

ಖರೇ ಸಮುದ್ರ ನೋಡಿದ್ದು ಅತ್ತೆ ತೀರಿಕೊಂಡ ಮೇಲೆ. ದೊಡ್ಡದಿತ್ತು, ಚೆಂದವಿತ್ತು, ಮೀನಿನ ವಾಸನೆ ಹೊಡೆಯುತ್ತಿತ್ತು. ಅಷ್ಟು ನೀರಿನ ಮುಂದೆ ನಿಂತು ನನಗೆ ಅತ್ತೆಯದೇ ನೆನಪಾಗಿ ಬಹಳ ಕೆಡುಕೆನಿಸಿತು.

ಮಗಳು ಷರಬತ್ತು ಬೆರೆಸಿ ಲೋಟ ತಂದಳು. “ಆ ಹೊಳಿ ದಂಡಿ ಊರಿಗಿ ಇನ್ನೊಮ್ಮೆ ಹೋಗೂಣೇನ್ರಿ?” ಎಂದು ಯಜಮಾನರನ್ನು ಕೇಳಿದೆ.

“ಈಗ ಅದು ಎಲ್ಲಾರಿಗೂ ಗೊತ್ತಾಗಿರ್ತದ ತಗಿ” ಎಂದು ಅವರು ಪೇಪರಿನಿಂದ ತಲೆಯೆತ್ತಲಿಲ್ಲ.

ನಾನು ಎದ್ದು ಹೋಗಿ ಒಂದು ಚಿಟಿಕೆ ಉಪ್ಪು ತಂದು ಲೋಟಕ್ಕೆ ಹಾಕಿದೆ. ಮಗಳು ಒಂದು ಗುಟುಕಿಗೇ ಮುಖ ಕಿವುಚಿದಳು. “ಎವ್ವಾ, ಉಪ್ಪದ.”

“ನಿಮ್ಮಜ್ಜಿ ನೋಡಿದ ಸಮುದ್ರ ಹಂಗs ಇತ್ತು” ಎಂದೆ.

ಯಜಮಾನರು ಪೇಪರು ಕೆಳಗಿಟ್ಟು ಕೈ ಚಾಚಿದರು. ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು, ಲೋಟ ವಾಪಸ್ ಕೊಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಅಂದರು:

“ಈ ಬಾಟ್ಲಿ ಖಾಲಿ ಆದ ಮ್ಯಾಲ ಒಗೀಬ್ಯಾಡ.”